ಶುಕ್ರವಾರದ ತೂಕ

ಸೆಪ್ಟೆಂಬರ್ 5, ಶುಕ್ರವಾರ

ಏಳೂವರೆಗೇ ಶಾಲೆ. ತೂಕದ ಮಿಷನ್ ಮತ್ತೆ ಓಲಾಡುತ್ತಿತ್ತು, ನನ್ನ ಕೋಣೆಯ ನೆಲ ಸಮ ಇಲ್ಲ. ಒಂದು ಮೂಲೆಗೆ ರಟ್ಟು ಮಡಚಿ ಕೊಟ್ಟೆ. ಸೊನ್ನೆ ನಿಂತಿತು.

ಇನ್ನೂರ ಹನ್ನೆರಡು ಮಕ್ಕಳು, ಒಬ್ಬಳೇ ನರ್ಸ್. ಶೂ ಬಿಚ್ಚು, ಬೆಲ್ಟ್ ಬಿಚ್ಚು, ಜೇಬಿನಲ್ಲಿರುವುದನ್ನೆಲ್ಲ ಮೇಜಿನ ಮೇಲಿಡು. ಒಬ್ಬನ ಜೇಬಿನಿಂದ ಹನ್ನೊಂದು ಗೋಲಿ, ಅರ್ಧ ಬಿಸ್ಕತ್ತು, ಯಾರದೋ ಹಲ್ಲು. ನಾನು ಅಂಕೆ ಕೂಗುವುದು, ಕ್ಲಾಸ್ ಟೀಚರ್ ರಿಜಿಸ್ಟರಿನಲ್ಲಿ ಬರೆಯುವುದು. ಮಧ್ಯಾಹ್ನದ ಹೊತ್ತಿಗೆ ಗಂಟಲು ಹೋಯಿತು.

ಇನ್ನು ಪ್ರತಿ ಶುಕ್ರವಾರ ಇದೇ. ಬಡಾವಣೆಯ ಪ್ರತಿ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಅತಿ ತೂಕ ಎಂದು ಆರೋಗ್ಯ ಕಚೇರಿಯವರು ಹೇಳಿದ ಮೇಲೆ ಶಾಲೆ, ಪೋಷಕರು, ಅಂಗಡಿಯವರು ಎಲ್ಲ ಸೇರಿ ಸಮಿತಿ ಮಾಡಿದ್ದಾರೆ. ಬೆಳಿಗ್ಗೆ ನಡಿಗೆ. ಗಂಟೆಗೊಮ್ಮೆ ನೀರಿನ ಬೆಲ್. ಪ್ರತಿ ಮಗುವಿಗೆ ಗೆರೆ ಹಾಕಿದ ಒಂದು ಲೀಟರ್ ಬಾಟಲಿ. ಕಾರಿಡಾರಿನಲ್ಲಿ ತೂಕ ಹೆಚ್ಚಿದ್ದವರ ಬೋರ್ಡು: ಮೊದಲು ಎಲ್ಲರಿಗೂ ಕೆಂಪು ಸ್ಟಿಕ್ಕರ್, ಇಳಿದರೆ ಹಳದಿ, ಆಮೇಲೆ ಹಸಿರು. ಹೆಸರಿಲ್ಲ, ರೋಲ್ ನಂಬರ್ ಮಾತ್ರ. ಯಾವ ನಂಬರು ಯಾರದು ಎಂದು ಗೊತ್ತಿಲ್ಲದ ಮಗು ಶಾಲೆಯಲ್ಲಿ ಒಂದಾದರೂ ಇದೆಯೇ.

ಕೆಂಪು ಅರವತ್ತೊಂದು. ಅದರಲ್ಲೊಂದು ನಮ್ಮ ಬುಗುರಿಯದು. ಬುಗುರಿ ಎಂದರೆ ಅಕ್ಕನ ಮಗಳು, ನಾಲ್ಕನೇ ಕ್ಲಾಸು, ಒಂಬತ್ತು ವರ್ಷ. ಮಗುವಾಗಿದ್ದಾಗಿನಿಂದ ಗುಂಡಗೆ, ನಿಂತಲ್ಲಿ ನಿಲ್ಲುವವಳಲ್ಲ. ಹೆಸರಿಟ್ಟವಳು ನಾನೇ.

ಮಿಷನ್ ಹತ್ತಿ ನನ್ನ ಕಿವಿಯ ಹತ್ತಿರ ಬಾಗಿದಳು. "ಚಿಕ್ಕಮ್ಮ, ನಂದು ಮೆಲ್ಲಗೆ ಹೇಳು."

ನಲವತ್ನಾಲ್ಕು ಪಾಯಿಂಟ್ ಎರಡು. ಎಲ್ಲರದನ್ನೂ ಕೂಗಿದಷ್ಟೇ ಜೋರಾಗಿ ಕೂಗಿದೆ. ಸ್ವಂತದವಳು ಎಂದು ರಿಯಾಯಿತಿ ತೋರಿಸಿದರೆ ನಾಳೆ ಆಡಿಕೊಳ್ಳುವವರು ಕಡಿಮೆಯೇ? ಸಾಲಿನಲ್ಲಿ ಹಿಂದಿದ್ದವರು ನಕ್ಕರು.

ಸೆಪ್ಟೆಂಬರ್ 6, ಶನಿವಾರ

ಅಕ್ಕನ ಬೇಕರಿಗೆ ಹೋದೆ. ಹೋಗಬಾರದಿತ್ತು.

"ಮಗು ನಿನ್ನೆ ಊಟ ಮಾಡ್ಲಿಲ್ಲ. ಏನು ಕೂಗಿದೆಯೇ ನೀನು ಅಷ್ಟು ಜನದ ಮುಂದೆ?"

"ಅದು ರೂಲ್ಸು ಅಕ್ಕ."

"ನಿನ್ನ ರೂಲ್ಸಿಗೆ ಬೆಂಕಿ ಹಾಕ. ನಾವು ಚಿಕ್ಕವರಿದ್ದಾಗ ನಿನ್ನನ್ನ ಕುಂಬಳಕಾಯಿ ಅಂದೋನಿಗೆ ಕಲ್ಲು ಹೊಡೆದೋಳು ನಾನು. ಜ್ಞಾಪಕ ಇದೆಯಾ?"

ಇದೆ. ಅದಕ್ಕೇ ಹೇಳಿದೆ: ನನ್ನ ಹಾಗೆ ಅವಳೂ ಆಗುವುದು ಬೇಡ. ಹದಿನೈದಕ್ಕೆ ಮಂಡಿ ನೋವು, ಮೂವತ್ತಕ್ಕೆ ಬಿಪಿ. ನನ್ನ ಮೇಲೆ ನಂಬಿಕೆ ಇಡು, ಆರು ತಿಂಗಳು ಕೊಡು, ಇವಳ ಜವಾಬ್ದಾರಿ ನನ್ನದು ಎಂದೆ. ಭಾವ ಒಳಗೆ ಹಿಟ್ಟು ನಾದುತ್ತಿದ್ದರು. ಮಾತು ಕಡಿಮೆ ಅವರದು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ನರ್ಸಮ್ಮ ಹೇಳಿದ ಹಾಗೆ ಮಾಡೋಣ ಬಿಡು" ಎಂದರು. ಶಾಲೆ ಬಿಡುವ ಹೊತ್ತಿನಲ್ಲಿ ಕ್ರೀಮ್ ಬನ್ ಮಾರುವುದಿಲ್ಲ ಎಂದು ಸಮಿತಿಯ ಕಾಗದಕ್ಕೆ ಸಹಿಯನ್ನೂ ಹಾಕಿದರು. ಕಾಗದ ಮಡಚಿ ಬ್ಯಾಗಿಗೆ ಹಾಕಿ, ಒಂದು ಕ್ರೀಮ್ ಬನ್ ತಿಂದು ಬಂದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಸೆಪ್ಟೆಂಬರ್ 12, ಶುಕ್ರವಾರ

ಬುಗುರಿ 43.8. ಭೇಷ್ ಎಂದೆ. ಬೆಳಗಿನ ನಡಿಗೆಗೆ ಒಂದು ದಿನವೂ ತಪ್ಪಿಸಿಲ್ಲವಂತೆ.

ಸೆಪ್ಟೆಂಬರ್ 19, ಶುಕ್ರವಾರ

42.9. ಎರಡು ವಾರ ಸತತ ಇಳಿದರೆ ಕೆಂಪು ಹೋಗಿ ಹಳದಿ. ಸ್ಟಿಕ್ಕರನ್ನು ಅವಳ ಕೈಯಿಂದಲೇ ಅಂಟಿಸಿದೆ. ಅದರ ಮೇಲೆ ಹೆಬ್ಬೆರಳು ಒತ್ತಿಕೊಂಡು ಎಷ್ಟೋ ಹೊತ್ತು ನಿಂತಳು, ಬಿದ್ದುಹೋದೀತು ಎನ್ನುವ ಹಾಗೆ.

ಸೋಮವಾರ ಕೆಂಪು ಮಕ್ಕಳಿಗೆ ಶುಗರ್ ಟೆಸ್ಟು. ಕಚೇರಿಯಿಂದ ಬಂದಿದ್ದು ಐವತ್ತೇ ಸ್ಟ್ರಿಪ್, ಮಕ್ಕಳು ಅರವತ್ತೊಂದು. ವಾರವೆಲ್ಲ ಇದೇ ತಲೆನೋವು. ಇವತ್ತು ನೋಡಿದರೆ ಹಳದಿಗೆ ಬಂದವರು ಸರಿಯಾಗಿ ಹನ್ನೊಂದು! ತೂಕ ಇಳಿಯುತ್ತಿರುವ ಮಕ್ಕಳಿಗೆ ಟೆಸ್ಟು ಯಾಕೆ? ಹನ್ನೊಂದು ಹೆಸರು ಹೊಡೆದು ಹಾಕಿದೆ. ಬುಗುರಿಯದಕ್ಕೆ ಸ್ವಲ್ಪ ಜೋರಾಗಿಯೇ ಗೀಟು ಎಳೆದೆ, ಖುಷಿಗೆ.

ಸೆಪ್ಟೆಂಬರ್ 22, ಸೋಮವಾರ

ಟೆಸ್ಟ್ ಮುಗಿಯಿತು. ಎಲ್ಲರದೂ ನಾರ್ಮಲ್. ಮೂವರು ಗೈರು. ಸ್ಟ್ರಿಪ್ ಮೂರು ಉಳಿದವು, ಬೀರುವಿನಲ್ಲಿಟ್ಟೆ.

ಸೆಪ್ಟೆಂಬರ್ 24, ಬುಧವಾರ

ನಾಲ್ಕನೇ ಕ್ಲಾಸಿನ ಟೀಚರ್ ದೂರು ತಂದರು. "ನಿಮ್ಮ ಸೊಸೆ ಒಂದು ಪೀರಿಯಡ್ಡಿಗೆ ಮೂರು ಸಲ ಬಾತ್‌ರೂಮಿಗೆ ಹೋಗ್ತಾಳೆ ಸಿಸ್ಟರ್. ಬಾಟಲಿ ಮೂರು ಸಲ ತುಂಬಿಸ್ತಾಳೆ."

"ಸೊಸೆ ಅಲ್ಲ ಮೇಡಂ, ಮಗಳ ಲೆಕ್ಕ. ನೀರು ಕುಡೀರಿ ಅಂತ ಬೆಲ್ ಹೊಡೆಯೋರೂ ನಾವೇ, ಎದ್ದು ಹೋದರೆ ಬೈಯೋರೂ ನಾವೇನಾ?"

ನಕ್ಕು ಹೋದರು. ಈ ತಿಂಗಳ 'ನೀರಿನ ನಾಯಕಿ' ಬ್ಯಾಡ್ಜ್ ಬುಗುರಿಗೇ ಕೊಡುವುದು ಎಂದಾಯಿತು.

ಸೆಪ್ಟೆಂಬರ್ 26, ಶುಕ್ರವಾರ

41.7. ಒಂದೇ ವಾರಕ್ಕೆ ಒಂದು ಕಿಲೋ ಇನ್ನೂರು! ಹೆಡ್‌ಮಿಸ್ ಖುದ್ದಾಗಿ ಬಂದು ರಿಜಿಸ್ಟರ್ ನೋಡಿದರು. ಕಚೇರಿಯ ಮೇಡಂಗೆ ಆಗಲೇ ಫೋನ್ ಮಾಡಿದರು, ನನ್ನ ಎದುರಿಗೇ.

ಸೆಪ್ಟೆಂಬರ್ 29, ಸೋಮವಾರ

ಆಯಾ ಪೊರಕೆ ಹಿಡಿದುಕೊಂಡೇ ಕೋಣೆಗೆ ಬಂದಳು. ಹುಡುಗಿಯರ ಬಾತ್‌ರೂಮಿನಲ್ಲಿ ಇರುವೆಯಂತೆ, ಕೊನೆಯದರಲ್ಲಿ. "ಎಷ್ಟು ತೊಳೆದರೂ ಮತ್ತೆ ಸಾಲು ಕಟ್ತಾವೆ ಅಮ್ಮ. ನನಗೇನೋ ಇದು ಸರಿ ಕಾಣ್ತಿಲ್ಲ."

ಯಾರೋ ಒಳಗೆ ಕೂತು ಮಿಠಾಯಿ ತಿನ್ನುತ್ತಿದ್ದಾರೆ, ಇನ್ನೇನು. ಕದ್ದು ತಿನ್ನುವ ಮಕ್ಕಳ ಬುದ್ಧಿ ನನಗೆ ಗೊತ್ತಿಲ್ಲವೇ. ಆ ವಿದ್ಯೆಯಲ್ಲಿ ನಾನು ಇವರಿಗೆಲ್ಲ ಅಜ್ಜಿ. ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಿಸ್ ಕೈಲಿ ಒಂದು ಎಚ್ಚರಿಕೆ ಹೇಳಿಸಿದೆ. ಆಯಾಗೆ ಇರುವೆ ಪುಡಿ ಕೊಟ್ಟು ಕಳಿಸಿದೆ.

ಅಕ್ಟೋಬರ್ 3, ಶುಕ್ರವಾರ

40.3.

ಸಂಜೆ ಅಕ್ಕನ ಫೋನು. ದನಿ ತಗ್ಗಿಸಿ, ಯಾರಿಗೋ ಕೇಳಿಸೀತು ಎನ್ನುವ ಹಾಗೆ: "ಹಾಸಿಗೆ ಒದ್ದೆ ಮಾಡ್ಕೊಳ್ತಿದಾಳೆ ಕಣೇ. ಮೂರು ದಿನದಿಂದ. ಒಂಬತ್ತು ವರ್ಷದ ಹುಡುಗಿ. ಎದ್ದು ಅಳ್ತಾಳೆ."

"ಮಲಗೋಕೆ ಮುಂಚೆ ನೀರು ಕುಡೀತಾಳಾ?"

"ಒಂದು ತಂಬಿಗೆ. ಬೇಡ ಅಂದ್ರೂ ಕೇಳಲ್ಲ. ಬಾಯಿ ಒಣಗುತ್ತೆ ಅಂತಾಳೆ."

"ಮತ್ತಿನ್ನೇನು. ಎಂಟು ಗಂಟೆ ಆದ ಮೇಲೆ ನೀರು ಕೊಡಬೇಡ. ಅತ್ತರೂ ಕೊಡಬೇಡ. ಎರಡು ದಿನಕ್ಕೆ ಸರಿಹೋಗುತ್ತೆ."

"ಡಾಕ್ಟರಿಗೆ ತೋರಿಸೋದು ಬೇಡ್ವಾ?"

"ನಾನಿಲ್ವಾ ಅಕ್ಕ?"

ಅಕ್ಟೋಬರ್ 6, ಸೋಮವಾರ

ಬುಗುರಿಯ ಫೋಟೋ ತೆಗೆದರು. ಕಚೇರಿಯವರ ಪೋಸ್ಟರಿಗೆ. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಹಳೆಯ ಯೂನಿಫಾರ್ಮಿನ ಸಡಿಲ ಸೊಂಟವನ್ನು ಎಳೆದು ಹಿಡಿದಿದ್ದಾಳೆ. ಏನು ನಗು! ಫೋಟೋದವನು "ಇನ್ನೊಂದು" ಎಂದಾಗಲೆಲ್ಲ ಇನ್ನೊಂದಿಷ್ಟು ನಕ್ಕಳು. ಆಮೇಲೆ ನನ್ನ ಕೋಣೆಯ ಮಂಚದ ಮೇಲೆ ಮಲಗಿ ಒಂದು ಗಂಟೆ ನಿದ್ದೆ ಹೊಡೆದಳು. ಹಾಡು ಹಗಲಲ್ಲಿ.

ನೋಡುತ್ತ ಕೂತಿದ್ದೆ. ಕುತ್ತಿಗೆಯಲ್ಲಿ ಮೂಳೆ ಕಾಣುತ್ತಿದೆ ಈಗ. ನನಗೆ ಆ ಮೂಳೆ ಕಾಣಿಸಿದ್ದು ಇಪ್ಪತ್ತೆಂಟನೇ ವಯಸ್ಸಿನಲ್ಲಿ, ಟೈಫಾಯ್ಡ್ ಬಂದಾಗ. ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅಕ್ಟೋಬರ್ 10, ಶುಕ್ರವಾರ

38.8.

ಪೀಟಿ ಮಾಸ್ತರು: "ಓಡು ಅಂದ್ರೆ ಕೂತ್ಬಿಡ್ತಾಳೆ ಸಿಸ್ಟರ್. ಕಾಲು ಸೆಳೆತ ಅಂತಾಳೆ. ಮೈ ಇಳಿಯೋವಾಗ ಸುಸ್ತು ಸಹಜ ಅಲ್ವಾ?" ಸಹಜ ಎಂದೆ. ಕ್ಲಾಸ್ ಟೀಚರು: ಬೋರ್ಡ್ ಮೇಲಿನದು ಮಂಜಾಗಿ ಕಾಣುತ್ತದಂತೆ, ಮುಂದಿನ ಬೆಂಚಿಗೆ ಕೂರಿಸಿದ್ದಾರಂತೆ. ಕಣ್ಣಿನ ತಪಾಸಣೆಯ ಪಟ್ಟಿಗೆ ಹೆಸರು ಸೇರಿಸಿದೆ. ಮುಂದಿನ ತಿಂಗಳು.

ಅಕ್ಟೋಬರ್ 14, ಮಂಗಳವಾರ

ಪೋಸ್ಟರ್ ಬಂತು. ನಲವತ್ತು. 'ನಾನು ಇಳಿಸಿದೆ! ನೀವು?' ಸಮಿತಿಯವರು ಬಸ್ ಸ್ಟಾಪು, ಔಷಧದ ಅಂಗಡಿ, ಲೈಬ್ರರಿ, ಎಲ್ಲ ಕಡೆ ಅಂಟಿಸಿದರು. ಬೇಕರಿಗೆ ನಾನೇ ಒಯ್ದೆ. ಅಕ್ಕ ಬಾಗಿಲ ಗಾಜಿಗೆ ಒಳಗಡೆಯಿಂದ ಅಂಟಿಸಿ, ಸೆರಗಿನಿಂದ ಒರೆಸಿ, ಹೊರಗೆ ಹೋಗಿ ನೋಡಿ ಬಂದಳು. "ನೀನು ಹೇಳಿದ್ದು ಸರಿ ಕಣೇ. ನಾನೇ ಸುಮ್ನೆ ಕಿರುಚಾಡಿದೆ," ಎಂದಳು. ಅಕ್ಕ ಹಾಗೆ ಹೇಳಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು.

ಅಕ್ಟೋಬರ್ 16, ಗುರುವಾರ

ಬೇಜಾರಾಯಿತು ಇವತ್ತು.

ಹೊಟ್ಟೆನೋವು ಎಂದು ಬುಗುರಿ ಕೋಣೆಗೆ ಬಂದಳು. ಹತ್ತಿರ ಕೂರಿಸಿಕೊಂಡೆ. ಬಾಯಿಂದ ಘಮ್ ಎಂದು ಹಣ್ಣಿನ ವಾಸನೆ, ಡಬ್ಬದಲ್ಲಿ ಬರುತ್ತದಲ್ಲ, ಆ ಹಣ್ಣಿನ ಮಿಠಾಯಿಯದು.

"ಏನು ತಿಂದೆ?"

"ಏನೂ ಇಲ್ಲ ಚಿಕ್ಕಮ್ಮ."

"ಬಾತ್‌ರೂಮಲ್ಲಿ ಕೂತು ತಿನ್ನೋದು ನೀನೇನಾ? ಇರುವೆ ಬರೋದು ನಿನ್ನಿಂದಾನಾ?"

"ಇಲ್ಲ ಚಿಕ್ಕಮ್ಮ, ದೇವರಾಣೆ."

ಬ್ಯಾಗ್ ತೆಗೆದು ಸುರಿದೆ. ಪುಸ್ತಕ, ಪೆನ್ಸಿಲ್ ಡಬ್ಬ, ಬ್ಯಾಡ್ಜು, ಎರಡು ಬಾಟಲಿ ನೀರು. ಮಿಠಾಯಿ ಇಲ್ಲ. ಜೇಬಲ್ಲೂ ಇಲ್ಲ. ತಿಂದು ಮುಗಿಸಿರಬೇಕು. ಊರೆಲ್ಲ ಪೋಸ್ಟರ್ ಹಾಕಿಸಿಕೊಂಡು ಕದ್ದು ತಿನ್ನುತ್ತೀಯಾ, ನನ್ನ ಮಾನ ಕಳೆಯುತ್ತೀಯಾ ಎಂದು ಬೈದೆ. ಅವಳು ಅಳಲಿಲ್ಲ. ಅಳುವಷ್ಟು ತ್ರಾಣ ಇದ್ದ ಹಾಗೆ ಕಾಣಲಿಲ್ಲ. ಒಂದೊಂದೇ ಪುಸ್ತಕ ಎತ್ತಿ ಬ್ಯಾಗಿಗೆ ಹಾಕಿಕೊಂಡಳು. ಬೈದದ್ದು ಹೆಚ್ಚಾಯಿತು. ನಾಳೆ ಸಮಾಧಾನ ಮಾಡಬೇಕು.

ಅಕ್ಟೋಬರ್ 17, ಶುಕ್ರವಾರ

37.1! ಹಸಿರು. ಶಾಲೆಗೇ ಮೊದಲನೆಯವಳು. ಆರು ವಾರಕ್ಕೆ ಏಳು ಕಿಲೋ ನೂರು. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ. ಮೊದಲು ತಟ್ಟಿದವಳು ನಾನು.

ಮಿಷನ್ನಿಂದ ಇಳಿಯುವಾಗ ನನ್ನ ತೋಳು ಹಿಡಿದುಕೊಂಡಳು. "ನಿನ್ನೆ ನಾನು ತಿಂದಿರಲಿಲ್ಲ ಚಿಕ್ಕಮ್ಮ. ನಿಜ." ಆಯಿತು ಬಿಡು ಎಂದೆ. ಮಧ್ಯಾಹ್ನ ವಾಂತಿ ಮಾಡಿಕೊಂಡಳಂತೆ. ಮಿಠಾಯಿಯ ಪ್ರಭಾವ. ನಾಳೆ ಸಮಿತಿಯ ಬಹುಮಾನ. ಕಚೇರಿಯ ಮೇಡಂ ಬರುತ್ತಾರೆ. ನೀಲಿ ಸೀರೆ ಇಸ್ತ್ರಿಗೆ ಕೊಟ್ಟಿದ್ದು ತರಬೇಕು.

ಅಕ್ಟೋಬರ್ 18, ಶನಿವಾರ, ಸಂಜೆ ಐದು. ಆಸ್ಪತ್ರೆ

ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಹೆಸರು ಕರೆದರು. ಎದ್ದಳು. ಎರಡು ಹೆಜ್ಜೆ. ಕೂತಳು, ಸುಸ್ತಾದವರು ಕೂರುವ ಹಾಗೆ, ಮೆಲ್ಲಗೆ. ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಓಡಿ ಹೋಗಿ ಎತ್ತಿಕೊಂಡೆ. ಉಸಿರು… ಬೆಟ್ಟ ಹತ್ತಿ ಬಂದವರ ಉಸಿರು, ಆಳವಾಗಿ, ಬಿಡದೆ. ಅದೇ ಹಣ್ಣಿನ ವಾಸನೆ. ಆಗ ಗೊತ್ತಾಯಿತು. ಒಂದೇ ಕ್ಷಣದಲ್ಲಿ ಎಲ್ಲ. ನೀರು, ಹಾಸಿಗೆ, ಇರುವೆ, ಕಣ್ಣು. ನರ್ಸಿಂಗ್ ಎರಡನೇ ವರ್ಷದ ಪಾಠ. ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಬಂದಿತ್ತು.

ಸಕ್ಕರೆ ಕಾಯಿಲೆ. ಮಕ್ಕಳಿಗೆ ಬರುವ ಬಗೆ. ದಪ್ಪಕ್ಕೂ ಅದಕ್ಕೂ ಸಂಬಂಧವಿಲ್ಲ, ಸಣ್ಣಗಿರುವ ಮಗುವಿಗೂ ಬರುತ್ತದೆ. ಇಲ್ಲಿನ ಶುಗರ್ ಮಿಷನ್ ಅಂಕೆಯನ್ನೇ ತೋರಿಸಲಿಲ್ಲ, ಅದರ ಅಳತೆ ಮೀರಿತ್ತು.

ಡಾಕ್ಟರು ಚಿಕ್ಕ ವಯಸ್ಸಿನವರು. "ಎಷ್ಟು ದಿನದಿಂದ ತೂಕ ಇಳೀತಿದೆ?" ಎಂದು ಅಕ್ಕನನ್ನು ಕೇಳಿದರು.

ಅಕ್ಕ ನನ್ನ ಕಡೆ ತಿರುಗಿದಳು. "ಇವಳನ್ನ ಕೇಳಿ. ಇವಳು ಬರೆದಿಟ್ಟಿದಾಳೆ."

ಬಹುಮಾನಕ್ಕೆಂದು ರಿಜಿಸ್ಟರ್ ಬ್ಯಾಗಿನಲ್ಲೇ ಇತ್ತು. ಕೊಟ್ಟೆ. ಡಾಕ್ಟರು ಬೆರಳಿಟ್ಟು ಒಂದೊಂದೇ ಶುಕ್ರವಾರ ಓದಿದರು. ಏಳು. ಓದಿ, ನೀಲಿ ಸೀರೆಯ ಮೇಲಿನ ನನ್ನ ನರ್ಸ್ ಬ್ಯಾಡ್ಜ್ ನೋಡಿ, ಮಡಚಿ ವಾಪಸ್ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಬೀರುವಿನಲ್ಲಿ ಮೂರು ಸ್ಟ್ರಿಪ್ ಇವೆ. ಒಂದು ತೊಟ್ಟು ರಕ್ತ, ಐದು ಸೆಕೆಂಡು.

ಅಕ್ಟೋಬರ್ 19, ಭಾನುವಾರ

ಮಿದುಳು ಊದಿಕೊಂಡಿದೆಯಂತೆ. ಒಳಗೆ ಒಬ್ಬರನ್ನೇ ಬಿಡುತ್ತಾರೆ. ಅಕ್ಕ ಒಳಗೆ, ಭಾವ ಬಾಗಿಲ ಬಳಿ ಬೆಂಚಿನಲ್ಲಿ. ನಾನು ಮೆಟ್ಟಿಲಲ್ಲಿ. ಭಾವ ಮಾತ್ರ ಒಂದು ಸಲ ಬಂದು ಟೀ ಕೊಟ್ಟು ಹೋದರು. ಉಗುರ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು.

ಅಕ್ಟೋಬರ್ 21, ಮಂಗಳವಾರ

ಬೆಳಿಗ್ಗೆ ಆರು ನಲವತ್ತಕ್ಕೆ.

ನವೆಂಬರ್ 3, ಸೋಮವಾರ

ಶಾಲೆಗೆ ಹೋದೆ. ಮನೆಯಲ್ಲಿ ಕೂತು ಮಾಡುವುದೇನು. ಮಕ್ಕಳು ದಾರಿ ಬಿಟ್ಟು ನಿಂತರು. ಕಾರಿಡಾರಿನ ಬೋರ್ಡು ಹಾಗೇ ಇದೆ, ಹಸಿರು ಒಂದೇ ಒಂದು.

ಹೆಡ್‌ಮಿಸ್ ಬಾಗಿಲು ಹಾಕಿ ಕೂರಿಸಿದರು. ಪಾಪ, ಅವರೂ ಇಳಿದು ಹೋಗಿದ್ದಾರೆ. "ಅದು ಬೇರೆ ಕಾಯಿಲೆ ಸಿಸ್ಟರ್. ಡಾಕ್ಟರೇ ಹೇಳಿದ್ರಲ್ಲ. ನಮ್ಮ ಕಾರ್ಯಕ್ರಮಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಚೇರಿಯವರು ವಿವರಣೆ ಕೇಳಿದಾರೆ. ನಾಲ್ಕು ಸಾಲು ಬರೆದುಕೊಡಿ ಸಾಕು. ನಿಮ್ಮನ್ನ ಯಾರೂ ಏನೂ ಅನ್ನಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಕಾಯಿಲೆ ನಾವು ತಂದದ್ದಲ್ಲ. ಉಳಿದ ಅರವತ್ತು ಮಕ್ಕಳಲ್ಲಿ ಎಷ್ಟೋ ಜನಕ್ಕೆ ಒಳ್ಳೆಯದೂ ಆಗಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದವರು ಈಗ ಓಡುತ್ತಾರೆ. ಆದರೆ ಕಾಯಿಲೆ ಏಳು ಸಲ ನನ್ನ ಮಿಷನ್ ಹತ್ತಿ ನಿಂತಿತ್ತು. ಪ್ರತಿ ಸಲವೂ ಅಂಕೆಯನ್ನು ನಾನೇ ಕೂಗಿದೆ.

ಹೊರಗೆ ಆಯಾ ನಿಂತಿದ್ದಳು. ಹೇಳಬೇಕೋ ಬೇಡವೋ ಎಂದು ಸೆರಗು ಹಿಂಡುತ್ತಿದ್ದಳು. "ನಮ್ಮ ಅಜ್ಜಿ ಹೇಳ್ತಿದ್ಲು ಅಮ್ಮ, ಮೂತ್ರಕ್ಕೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಅಂತ. ನನಗೆ ಅವತ್ತೇ ನಾಲಿಗೆ ತುದಿಗೆ ಬಂದಿತ್ತು. ನೀವು ಓದಿದೋರು, ನಿಮಗೆ ಗೊತ್ತಿರಲ್ವಾ ಅಂತ ಸುಮ್ನಾದೆ."

ನವೆಂಬರ್ 5, ಬುಧವಾರ

ರಜೆ ಹಾಕಿದೆ. ಬಕೆಟ್ಟಿನಲ್ಲಿ ನೀರು, ಸ್ಪಂಜು, ಅಡುಗೆಮನೆಯ ಹಳೇ ಚಾಕು. ಬಸ್ ಸ್ಟಾಪಿನಿಂದ ಶುರು. ಸಮಿತಿಯವರು ಗಟ್ಟಿ ಅಂಟು ಹಾಕಿದ್ದಾರೆ, ನೆನೆಸಿ ಕೆರೆದರೂ ಮೊದಲು ಬರುವುದು ಅಕ್ಷರ, ಮುಖ ಕೊನೆಗೆ. ಔಷಧದ ಅಂಗಡಿಯವನು ಬಿಡಿ ಸಿಸ್ಟರ್ ನಾನು ತೆಗೀತೀನಿ ಎಂದ. ಬಿಡಲಿಲ್ಲ. ಇವತ್ತು ಇಪ್ಪತ್ತಾರು.

ನವೆಂಬರ್ 6, ಗುರುವಾರ

ಹದಿಮೂರು. ಒಟ್ಟು ಮೂವತ್ತೊಂಬತ್ತು. ಲೈಬ್ರರಿಯ ಮುದುಕರೊಬ್ಬರು, "ಯಾಕಮ್ಮ, ಎಷ್ಟು ಮುದ್ದಾಗಿದೆ ಮಗು," ಎಂದರು. ಅವರಿಗೆ ಗೊತ್ತಿಲ್ಲ.

ನಲವತ್ತನೆಯದು ಎಲ್ಲಿದೆ ಎಂದು ಗೊತ್ತು.

ನವೆಂಬರ್ 7, ಶುಕ್ರವಾರ

ಬೆಳಿಗ್ಗೆ ತೂಕ ಮಾಡುವುದಿಲ್ಲ ಎಂದೆ. ಬೋರ್ಡು ಇಳಿಸಿದೆ. ಹೆಡ್‌ಮಿಸ್ ತಡೆಯಲಿಲ್ಲ.

ಮಧ್ಯಾಹ್ನ ಬೇಕರಿಗೆ. ಹದಿನೇಳು ದಿನದಿಂದ ಅಕ್ಕ ನನ್ನ ಫೋನ್ ಎತ್ತಿಲ್ಲ. ಶಟರ್ ಅರ್ಧ ಇಳಿಸಿತ್ತು, ಒಲೆ ಹಚ್ಚಿರಲಿಲ್ಲ. ಬಗ್ಗಿ ಒಳಗೆ ಹೋದೆ. ಅಕ್ಕ ಖಾಲಿ ಗಾಜಿನ ಪೆಟ್ಟಿಗೆಯ ಹಿಂದೆ ಸ್ಟೂಲಿನಲ್ಲಿ ಕೂತಿದ್ದಳು. ನನ್ನನ್ನು ನೋಡಿ ಎದ್ದು ಹೋಗಲಿಲ್ಲ, ಕೂರು ಎನ್ನಲೂ ಇಲ್ಲ.

ಅವಳೇ ಮಾತು ತೆಗೆದಳು. "ಎಂಟು ಗಂಟೆ ಮೇಲೆ ನೀರು ಕೊಡಬೇಡ ಅಂದೆಯಲ್ಲ. ಕೊಡ್ಲಿಲ್ಲ ಕಣೇ. ಅಮ್ಮಾ ಒಂದೇ ಗುಟುಕು ಅಂತ ಕಾಲು ಹಿಡ್ಕೊಂಡ್ಲು. ಚಿಕ್ಕಮ್ಮ ಬೈತಾಳೆ ಮಲಕ್ಕೋ ಅಂದೆ. ಎರಡು ವಾರ."

"ಅಕ್ಕ…"

"ನೀನು ಹೇಳಿದೆ, ನಾನು ಮಾಡಿದೆ. ಅಷ್ಟೇ."

ಅವಳ ಕಾಲ ಬಳಿ ಕೂತೆ. ಕಾಲು ಹಿಂದಕ್ಕೆ ಎಳೆದುಕೊಂಡಳು. ಸಿಟ್ಟಿನಿಂದಲ್ಲ, ಬೇಡ ಎನ್ನುವ ಹಾಗೆ. ನನಗೆ ಅಳು ಬಂದು ಅಲ್ಲೇ ಅತ್ತೆ. ಅವಳು ಅಳಲಿಲ್ಲ.

ಏಳುವಾಗ ಬಾಗಿಲ ಗಾಜಿನ ಮೇಲಿದ್ದುದಕ್ಕೆ ಕೈ ಹಾಕಿದೆ. ಉಳಿದವನ್ನೆಲ್ಲ ತೆಗೆದಿದ್ದೇನೆ ಅಕ್ಕ, ಇದೊಂದೇ, ಎಂದೆ.

"ಅದನ್ನ ಮುಟ್ಟಬೇಡ."

"ಇದನ್ನ ನೋಡ್ತಾ ಹೇಗೆ ಇರ್ತೀಯ?"

"ಮನೇಲಿರೋ ಫೋಟೋದಲ್ಲೆಲ್ಲ ಹೊಟ್ಟೆ ಕಾಣಬಾರದು ಅಂತ ಯಾರದ್ದಾದರೂ ಹಿಂದೆ ನಿಂತಿದಾಳೆ. ಮುಖ ಅರ್ಧ. ಇದೊಂದರಲ್ಲೇ ಪೂರ್ತಿ ನಗ್ತಿರೋದು."

ಬಿಟ್ಟು ಬಂದೆ.

ನಾಲ್ಕು ಗಂಟೆ. ಕಚೇರಿಗೆ ವಿವರಣೆ ಇವತ್ತೇ ಕಳಿಸಬೇಕು. ನಾಲ್ಕು ಸಾಲಲ್ಲ, ಇದ್ದದ್ದು ಇದ್ದ ಹಾಗೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಒಳ್ಳೆಯ ಹಾಳೆಗೆ.

ಮೊದಲನೇ ಶುಕ್ರವಾರ 44.2. ಮೆಲ್ಲಗೆ ಹೇಳು ಎಂದಳು. ಜೋರಾಗಿ ಕೂಗಿದೆ.

ಎರಡನೇದು 43.8. ಭೇಷ್ ಎಂದೆ.

ಮೂರನೇದು 42.9. ಟೆಸ್ಟಿನ ಪಟ್ಟಿಯಿಂದ ಹೆಸರು ಹೊಡೆದೆ.

ನಾಲ್ಕನೇದು 41.7. ಹೆಡ್‌ಮಿಸ್‌ಗೆ ತೋರಿಸಿದೆ.

ಐದನೇದು 40.3. ನೀರು ಕೊಡಬೇಡ ಎಂದೆ.

ಆರನೇದು 38.8. ಸಹಜ ಎಂದೆ.

ಏಳನೇದು 37.1. ಮಿಷನ್ ಮೇಲೆ ನಿಂತು, ಅಂಕೆ ನೋಡದೆ, ನನ್ನ ಮುಖ ನೋಡಿದಳು. ನಾನು ಚಪ್ಪಾಳೆ…